ಕೂಡದೇ ತೆಗೆದ ಗ್ರೂಪ್ ಫೋಟೋ

ನೀವು ಎಂದೂ ಹೋಗದ ಜಾಗದಲ್ಲಿ, ಎಂದೂ ಕೊಳ್ಳದ ಸೀರೆ ಉಟ್ಟುಕೊಂಡು, ಎಂದೂ ಮುಖ ನೋಡದ ಮನುಷ್ಯನ ಪಕ್ಕ ನಗುತ್ತ ನಿಂತದ್ದುಂಟೇ? ನಾನು ನಿಂತಿದ್ದೇನೆ. ಸಾಕ್ಷಿಗೆ ಫೋಟೋ ಇದೆ.

ಅವತ್ತು ಬೆಳಿಗ್ಗೆ ಆಳಂದದ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ಕತ್ತರಿಸುತ್ತ ಕೂತಿದ್ದೆ. ಫೋನು ಟಣ್ ಎಂದಿತು. ನಮ್ಮ ಛಾಯಾಗ್ರಾಹಕರ ಸಂಘದ ಗುಂಪಿನಲ್ಲಿ ಒಂದು ಚಿತ್ರ ಬಂದಿತ್ತು. ಮೇಲೆ ‘ನಮ್ಮ ಕುಟುಂಬ, ನಮ್ಮ ಹೆಮ್ಮೆ’ ಎಂಬ ಬಂಗಾರದ ಅಕ್ಷರ. ಹಿಂದೆ ಅರಮನೆಯಂಥ ಕಟ್ಟಡ, ಮುಂದೆ ಹಸಿರು ಹುಲ್ಲು, ಹುಲ್ಲಿನ ಮೇಲೆ ಸಾಲು ಸಾಲಾಗಿ ನಿಂತ ಮಂದಿ. ಗಂಡಸರಿಗೆಲ್ಲ ಒಂದೇ ಬಣ್ಣದ ಕೋಟು. ಗ್ರೂಪ್ ಫೋಟೋ ಕೈಗೆ ಬಂದರೆ ಮೊದಲು ತನ್ನನ್ನೇ ಹುಡುಕಿಕೊಳ್ಳುವುದು ಮನುಷ್ಯಧರ್ಮ. ಬೆರಳಿನಿಂದ ಹಿಗ್ಗಿಸುತ್ತ ಹೋದೆ. ಎರಡನೆಯ ಸಾಲಿನಲ್ಲಿ ಸಿಕ್ಕೆ. ಮೈಮೇಲೆ ನೀಲಿ ರೇಷ್ಮೆ ಸೀರೆ. ಕನ್ನಡಕ ಮಾಯ. ಕೊರಳು ಒಂದಿಷ್ಟು ಉದ್ದವಾಗಿ, ಗಲ್ಲದ ಕೆಳಗಿನ ಮಡಿಕೆ ಎಲ್ಲಿಗೋ ಹೊರಟುಹೋಗಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲು ಖುಷಿಯೇ ಆಯಿತು. ಇಷ್ಟು ಚೆಂದ ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಆಮೇಲೆ ನೋಡುತ್ತೇನೆ, ಎಡಗೆನ್ನೆಯ ಮಚ್ಚೆಯಿಲ್ಲ! ಹುಟ್ಟಿದಾಗಿನಿಂದ ಜೊತೆಗಿದ್ದ ಮಚ್ಚೆ, ನಮ್ಮವ್ವ ಬಂದವರಿಗೆಲ್ಲ ತೋರಿಸಿ ‘ಲಕ್ಷಣ’ ಎನ್ನುತ್ತಿದ್ದ ಮಚ್ಚೆ. ಕೈ ತಾನಾಗಿ ಕೆನ್ನೆಗೆ ಹೋಯಿತು. ಅದು ಅಲ್ಲೇ ಇತ್ತು. ಹಾಗಾದರೆ ಫೋಟೋದಲ್ಲಿ ನಗುತ್ತಿರುವವಳು ಯಾರು?

ಚಿತ್ರದ ಕೆಳಗೆ ವಿವರ ಇತ್ತು. ಸದಸ್ಯರು ಗುರುತಿನ ಚೀಟಿಗಾಗಿ ಕೊಟ್ಟಿದ್ದ ಫೋಟೋಗಳನ್ನು ಕಂಪ್ಯೂಟರಿನಿಂದ ಜೋಡಿಸಿ ಈ ವರ್ಷದ ಗ್ರೂಪ್ ಫೋಟೋ ಸಿದ್ಧಪಡಿಸಲಾಗಿದೆ, ಇದರಿಂದ ಎಲ್ಲರ ಅಮೂಲ್ಯ ಸಮಯವೂ ಪ್ರಯಾಣದ ತೊಂದರೆಯೂ ಉಳಿದಿದೆ ಎಂದು. ಕತ್ತರಿ ಕೈಯಲ್ಲೇ ಉಳಿಯಿತು. ಬೇರೆ ಯಾವ ಸಂಘದವರಾದರೂ ಮಾಡಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಫೋಟೋ ತೆಗೆಯುವವರೇ ತಮ್ಮ ಫೋಟೋ ತೆಗೆದುಕೊಳ್ಳದೆ ಬಿಟ್ಟರಲ್ಲ! ಅಡುಗೆಯವರ ಮನೆಯ ಮದುವೆಗೆ ಖಾನಾವಳಿಯಿಂದ ಊಟ ತರಿಸಿದ ಹಾಗಾಯಿತು.

ನಾನು ಮೊದಲ ಸಲ ಗ್ರೂಪ್ ಫೋಟೋದಲ್ಲಿ ಕೂತದ್ದು ನಿಂಬರ್ಗಾದ ಸಾಲೆಯಲ್ಲಿ. ಅಪ್ಪ ಅವ್ವ ಇಬ್ಬರೂ ಕಂಡವರ ತೊಗರಿ ಹೊಲದಲ್ಲಿ ಕೂಲಿ. ಫೋಟೋ ದಿನ ಎಂದು ಅವ್ವ ತಲೆಗೆ ಎಣ್ಣೆ ಸುರಿದಿದ್ದಳು, ಅದು ಹಣೆಯ ಮೇಲೆ ಇಳಿದು ಕಣ್ಣಿಗೆ ಬರುತ್ತಿತ್ತು. ಪಕ್ಕದ ಮನೆಯ ಹುಡುಗಿಯಿಂದ ಒಂದು ಕೆಂಪು ರಿಬ್ಬನ್ ಕಡ ತಂದಿದ್ದೆ. ಅವಳೂ ಅದೇ ಫೋಟೋದಲ್ಲಿ ಇರುವವಳಾದ್ದರಿಂದ ಅವಳ ಒಂದು ಜಡೆಗೆ ಒಂದು, ನನ್ನ ಒಂದು ಜಡೆಗೆ ಒಂದು. ಮೇಷ್ಟ್ರು ನಮ್ಮ ಓಣಿಯ ಮಕ್ಕಳನ್ನೆಲ್ಲ ಸಾಲಿನ ತುದಿಗೆ ನಿಲ್ಲಿಸಿದ್ದರು. ಯಾಕೆ ಎಂದು ನಮಗೆ ಗೊತ್ತಿತ್ತು, ಕೇಳುವ ರೂಢಿ ಇರಲಿಲ್ಲ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟುಕೊಂಡಿದ್ದ, ಗಿಡ್ಡ ಗಡ್ಡದ ಮನುಷ್ಯ ತಲೆಯೆತ್ತಿ ನೋಡಿ, “ಮಾಸ್ತರ್ರ, ಸಣ್ಣಾಕಿನ್ನ ತುದಿಗಿ ನಿಂದ್ರಿಸಿದ್ರ ಹ್ಯಾಂಗ್ರಿ? ಮುಂದ ನಡುವ ಕುಂದ್ರಿಸ್ರಿ,” ಎಂದು ತಾನೇ ಬಂದು ನನ್ನ ರಟ್ಟೆ ಹಿಡಿದು ಮುಖ್ಯ ಗುರುಗಳ ಕಾಲ ಬಳಿ ಕೂಡಿಸಿದ. ಕ್ಲಿಕ್ಕಿಸುವ ಹೊತ್ತಿಗೆ ಎಣ್ಣೆ ಕಣ್ಣಿಗೆ ಇಳಿಯಿತು. ಆ ಫೋಟೋದಲ್ಲಿ ನಾನು ಕಣ್ಣು ಮುಚ್ಚಿಕೊಂಡು ಧ್ಯಾನಕ್ಕೆ ಕೂತವಳ ಹಾಗಿದ್ದೇನೆ.

ಅವರೇ ಜೇವರ್ಗಿಯ ಖಾಜಾಸಾಬ. ಊರೂರು ತಿರುಗಿ ಸಾಲೆಗಳ ಫೋಟೋ ತೆಗೆಯುತ್ತಿದ್ದರು. ಎಷ್ಟೋ ವರ್ಷದ ಮೇಲೆ, ನಾನು ಆಳಂದಕ್ಕೆ ಮದುವೆಯಾಗಿ ಬಂದ ಮೇಲೆ, ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕಡೆ ಫೋಟೋ ತೆಗೆಯಲು ಹೆಣ್ಣುಮಗಳೊಬ್ಬಳು ಬೇಕಾಗಿ ಹುಡುಕುತ್ತಿದ್ದರು. ನಾನು ಸಿಕ್ಕೆ. ಕ್ಯಾಮೆರಾ ಹಿಡಿಯುವುದನ್ನು ಕಲಿಸಿದರು. ನನಗೆ ಅವರು ಚಾಚಾ, ಅವರಿಗೆ ನಾನು ಬೇಟಿ. ನನ್ನ ಮೊದಲ ಮದುವೆ ಆರ್ಡರಿನಲ್ಲಿ ಗಾಬರಿಯಿಂದ ಮದುಮಗಳ ತಂಗಿಯನ್ನೇ ಮದುಮಗಳೆಂದು ತಿಳಿದು ಒಂದು ರೀಲು ಪೂರ್ತಿ ಮುಗಿಸಿದ್ದೆ. ಚಾಚಾ ಬೈಯಲಿಲ್ಲ. “ತಂಗೀದ ಮದುವಿ ಆದಾಗ ಈ ರೀಲ್ ಕೊಡೋಣಂತ,” ಎಂದರು.

ಸಂಘ ಹುಟ್ಟಿದ್ದು ಗಾಣಗಾಪುರದಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ. ಹುಣ್ಣಿಮೆಗೆ ಬರುವ ಭಕ್ತರ ಫೋಟೋ ತೆಗೆಯಲು ಹೋಗಿದ್ದ ನಾವು ಗಿರಾಕಿಗಳಿಗಾಗಿ ಜಗಳಾಡಿ, ಜಗಳ ಮುಗಿದ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ಅಫಜಲಪುರದ ಗುರುನಾಥಣ್ಣ, “ಹಿಂಗ ಬಡಿದಾಡೋಕಿಂತ ಒಂದ ಸಂಘ ಮಾಡೋಣ. ಬಡಿದಾಡಾಕ ಒಂದ ಜಾಗ ಅಂತಾದ್ರೂ ಆಗ್ತದ,” ಎಂದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನವರು ಸೇರಿಕೊಂಡು ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದೆವು. ಹೆಣ್ಣು ಎಂದರೆ ನಾನೊಬ್ಬಳೇ. ಒಬ್ಬರ ಫ್ಲ್ಯಾಶ್ ಕೆಟ್ಟರೆ ಇನ್ನೊಬ್ಬರದು ಬಸ್ಸಿನ ಡ್ರೈವರನ ಕೈಯಲ್ಲಿ ಬರುತ್ತಿತ್ತು. ಒಬ್ಬರಿಗೆ ಜ್ವರ ಬಂದರೆ ಅವರ ಮದುವೆ ಆರ್ಡರಿಗೆ ಇನ್ನೊಬ್ಬರು ಓಡುತ್ತಿದ್ದರು. ಸಭೆ ಅಫಜಲಪುರದಲ್ಲಿದ್ದರೆ ಎಲ್ಲರೂ ತಪ್ಪದೆ ಹಾಜರು. ಗುರುನಾಥಣ್ಣನ ಅವ್ವ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಬಡಿದು ಬಡಿದು ಹಾಕುತ್ತಿದ್ದಳು. ಬೇಡ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ರೊಟ್ಟಿ ಇಡುವಾಕೆ. “ತಿನ್ನ ಬೇ, ಕ್ಯಾಮೆರಾ ಎತ್ತಾಕ ತಾಕತ್ತ ಬೇಕು,” ಎನ್ನುತ್ತಿದ್ದಳು ನನಗೆ.

ವರ್ಷಕ್ಕೊಮ್ಮೆ ಗ್ರೂಪ್ ಫೋಟೋ. ಎಲ್ಲರೂ ಫೋಟೋಗ್ರಾಫರುಗಳೇ ಆದ್ದರಿಂದ ಯಾರಿಗೂ ಇನ್ನೊಬ್ಬರ ಮೇಲೆ ನಂಬಿಕೆ ಇರಲಿಲ್ಲ. ಒಬ್ಬ ಬೆಳಕು ಹಿಂದಿದೆ ಎಂದರೆ ಇನ್ನೊಬ್ಬ ಮುಂದಿದೆ ಎನ್ನುತ್ತಿದ್ದ. ಸೊನ್ನದ ಬ್ಯಾರೇಜಿನ ಹತ್ತಿರ ಒಮ್ಮೆ ಗುರುನಾಥಣ್ಣ ಟೈಮರ್ ಹಚ್ಚಿ ಓಡಿಬರುವಾಗ ಚಪ್ಪಲಿ ಕಿತ್ತು, ಅದನ್ನು ಎತ್ತಿಕೊಳ್ಳಲು ಬಗ್ಗಿದ. ಕ್ಯಾಮೆರಾ ಅದನ್ನೇ ಹಿಡಿಯಿತು. ನಾವೆಲ್ಲ ಬಾಯಿ ತೆರೆದು ನಗುತ್ತಿದ್ದೇವೆ, ನಮ್ಮ ಅಧ್ಯಕ್ಷರ ಬೆನ್ನು ಮಾತ್ರ ಕಾಣುತ್ತದೆ. ಇನ್ನೊಂದು ತೆಗೆಯೋಣ ಎಂದರೆ ಚಾಚಾ ಒಪ್ಪಲಿಲ್ಲ. “ಇದಕಿಂತ ಛಲೋ ಬರಂಗಿಲ್ಲ,” ಎಂದರು.

ಆಮೇಲೆ ಸಂಘ ದೊಡ್ಡದಾಯಿತು. ದೊಡ್ಡದಾಗಲಿ ಎಂದು ಕೈಯೆತ್ತಿದವರಲ್ಲಿ ನಾನೂ ಒಬ್ಬಳು. ನಮ್ಮದು ಹೋಗಿ ಇನ್ನೊಂದರಲ್ಲಿ ಸೇರಿತು, ಅದು ಹೋಗಿ ಮತ್ತೊಂದರಲ್ಲಿ. ಕಚೇರಿ ಬಂತು, ಕೊರಳಿಗೆ ಹಾಕುವ ಚೀಟಿ ಬಂತು, ಹೆಸರಿನ ಬದಲು ನಂಬರು ಬಂತು. ಸಭೆಗಳು ಫೋನಿನೊಳಗೆ ನಡೆಯತೊಡಗಿದವು. ನಾನು ಒಂದು ಸಭೆಯಲ್ಲಿ ಧ್ವನಿ ಬಂದ್ ಮಾಡುವುದನ್ನು ಮರೆತು ಹಾಲಿನವನ ಜೊತೆ ವಾದ ಮಾಡಿದ್ದನ್ನು ಇಡೀ ರಾಜ್ಯದ ಛಾಯಾಗ್ರಾಹಕರು ಕೇಳಿಸಿಕೊಂಡರು. ಗುಂಪಿನಲ್ಲಿ ದಿನಾ ನೂರಾರು ಸುಪ್ರಭಾತ, ನಡುನಡುವೆ ಲೆನ್ಸಿನ ಜಾಹೀರಾತು. ಗುರುನಾಥಣ್ಣನ ಸೂರ್ಯೋದಯದ ಚಿತ್ರವೂ ದಿನಾ ಬರುತ್ತಿದ್ದುದರಿಂದ ನಾವು ದಿನಾ ಮಾತಾಡುತ್ತಿದ್ದೇವೆ ಎಂದೇ ನಾನು ತಿಳಿದಿದ್ದೆ.

ಫೋಟೋ ಬಂದ ಮರುದಿನ ಜೇವರ್ಗಿಯಿಂದ ಚಾಚಾನ ಹೆಂಡತಿ, ನನ್ನ ಚಾಚಿ, ಫೋನ್ ಮಾಡಿದರು. “ಏನ್ ಬೇ ಬೇಟಿ, ಏನ ಮಾಡಿದ್ರಿ ನೀವು? ನಿಮ್ಮ ಚಾಚಾ ನಿನ್ನಿಯಿಂದ ಸರಿಯಾಗಿ ಉಂಡಿಲ್ಲ. ಕೇಳಿದ್ರ ಗ್ವಾಡಿಗಿ ಮುಖ ಮಾಡಿ ಮಲಗ್ತಾರ. ಯಾರೋ ಹುಡುಗ ಬಂದು ನಿಮ್ಮ ಫೋಟೋ ತೋರಿಸಿ ಹೋದ.”

ಚಾಚಾ ಆ ಫೋಟೋದಲ್ಲಿ ಇರಲಿಲ್ಲ. ನನ್ನ ಮಚ್ಚೆ ಹುಡುಕುವ ಗಡಿಬಿಡಿಯಲ್ಲಿ ನಾನದನ್ನು ಗಮನಿಸಿಯೇ ಇರಲಿಲ್ಲ. ಕಣ್ಣಿಗೆ ಪೊರೆ ಬಂದು, ಅಂಗಡಿ ಮುಚ್ಚಿ ಮನೆಯಲ್ಲಿ ಕೂತವರು ಫೋನಿನಲ್ಲಿ ಸದಸ್ಯತ್ವ ಹೊಸದು ಮಾಡಿಸುವುದು ಎಲ್ಲಿಂದ? ಯಂತ್ರ ತಾನಾಗಿ ಅವರ ಹೆಸರು ತೆಗೆದುಹಾಕಿತ್ತು.

ಅವತ್ತೇ ಬಸ್ಸು ಹತ್ತಿದೆ. ಕಲಬುರಗಿಯಲ್ಲಿ ಇಳಿದು ಬಸ್ಸು ಬದಲಿಸಿ, ಭೀಮಾ ಸೇತುವೆ ದಾಟುವವರೆಗೂ ಮನಸ್ಸು ಹಗುರವಾಗಿಯೇ ಇತ್ತು. ಒಂದು ಮಾತು ಹೇಳಿದರೆ ಮುಗಿಯಿತು, ಇಬ್ಬರೂ ಕೂಡಿ ನಗೋಣ ಎಂದುಕೊಂಡಿದ್ದೆ.

ಚಾಚಾ ಮಂಚದ ಮೇಲೆ ಕೂತಿದ್ದರು. ನನ್ನ ಧ್ವನಿ ಕೇಳಿಯೂ ಈಚೆ ತಿರುಗಲಿಲ್ಲ.

“ಚಾಚಾ, ಅದು ಖರೇ ಫೋಟೋ ಅಲ್ರಿ. ನಾವ್ಯಾರೂ ಎಲ್ಲೂ ಹೋಗಿಲ್ಲ. ಕಂಪ್ಯೂಟರಿನಾಗ ಜೋಡಿಸ್ಯಾರ.”

“ಝೂಟ್ ಹೇಳಬ್ಯಾಡ ಬೇಟಿ. ಗುರುನಾಥ ಅದಾನ, ನೀ ಅದೀ, ಎಲ್ಲಾರೂ ನಗಾಕತ್ತೀರಿ. ಕಣ್ಣ ಮಂಜಾಗ್ಯಾವ, ಪೂರ್ತಿ ಹೋಗಿಲ್ಲ.”

“ಖರೇನ ಚಾಚಾ. ನಿಮಗೂ ಗೊತ್ತದ ಅಲ್ರಿ, ನೀವೂ ಜೋಡಿಸ್ತಿದ್ರಲ್ಲ.”

ಹೌದು, ಅವರು ಜೋಡಿಸುತ್ತಿದ್ದರು. ಮಗಳ ಮದುವೆಯ ಫೋಟೋದಲ್ಲಿ ತೀರಿಹೋದ ತಂದೆ ಇರಲಿ ಎಂದು ಜನ ಕೇಳಿದರೆ, ಹಳೆಯ ಫೋಟೋದಿಂದ ಸೂಕ್ಷ್ಮವಾಗಿ ಕತ್ತರಿಸಿ, ಅಂಟಿಸಿ, ಬ್ರಶ್ಶಿನಿಂದ ಅಂಚು ತಿದ್ದಿ, ಮತ್ತೆ ಫೋಟೋ ತೆಗೆದು ಕೊಡುತ್ತಿದ್ದರು. ಚಾಚಾ ಈಗ ನನ್ನ ಕಡೆ ತಿರುಗಿದರು. ಸಿಟ್ಟಿಗಿಂತ ನನ್ನ ದಡ್ಡತನಕ್ಕೆ ಮರುಗಿದವರ ಹಾಗೆ ಹೇಳಿದರು:

“ಸತ್ತವರ್ನ ಜೋಡಿಸ್ತೇವಿ ಬೇಟಿ. ಅವರು ಕರೆದ್ರ ಬರಂಗಿಲ್ಲ. ಬದುಕಿದ್ದವರ್ನ ಯಾಕ ಜೋಡಿಸ್ತಾರ? ಕರೆದ್ರ ಬರ್ತಾರಲ್ಲ!”

ಚಾಚಿ ಕೊಟ್ಟ ಚಹಾ ಕುಡಿದು, ಚಾಚಾನ ಲೋಟ ತುಂಬಿದ್ದು ತುಂಬಿದಂತೆಯೇ ಇದ್ದುದನ್ನು ನೋಡಿ ಎದ್ದು ಬಂದೆ.

ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಸಂಘದ ಕಚೇರಿಗೆ ಫೋನ್ ಹಚ್ಚಿದೆ. ಯಾರೋ ಹುಡುಗಿ ಎತ್ತಿಕೊಂಡಳು.

“ನಾನು ಆಳಂದದ ಸುಜಾತಾ ಮಾತಾಡಾಕತ್ತೇನಿ...”

“ನಂಬರ್ ಹೇಳಿ ಮೇಡಂ.”

“ಹೆಸರು ಹೇಳಿದ್ನಲ್ಲವ್ವ. ಈ ಸಂಘ ಶುರು ಮಾಡಿದವರಾಗ ನಾನೂ ಒಬ್ಬಾಕಿ.”

“ಹೆಸರಿನಿಂದ ಹುಡುಕೋಕೆ ಬರೋದಿಲ್ಲ ಮೇಡಂ. ನಂಬರ್ ಇದ್ರೆ ಹೇಳಿ.”

ನಂಬರಿನ ಚೀಟಿ ಆಳಂದದಲ್ಲಿ, ಗಲ್ಲಾದ ಮೊಳೆಗೆ ತೂಗುತ್ತಿತ್ತು. ಫೋನಿಟ್ಟೆ.

ಮನೆಗೆ ಬಂದವಳೇ ರಾಜೀನಾಮೆ ಬರೆಯಲು ಕೂತೆ. ಸಾಲೆಯಲ್ಲಿ ನಿಬಂಧಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ಎಲ್ಲ ವಿದ್ಯೆಯನ್ನೂ ಅದರಲ್ಲಿ ಸುರಿದೆ. ಗಾಣಗಾಪುರದ ಚಹಾ, ಬಸ್ಸಿನಲ್ಲಿ ಬಂದ ಫ್ಲ್ಯಾಶ್, ಖಾಜಾಸಾಬರ ಹೆಸರು ಎಲ್ಲ ಬರೆದು, ‘ಮನುಷ್ಯರನ್ನು ಕೂಡಿಸಲಾರದ ಸಂಘದಲ್ಲಿ ನಾನು ಇರಲಾರೆ’ ಎಂದು ಮುಗಿಸಿ ಗುಂಪಿಗೆ ಹಾಕಿದೆ. ಹಾಕಿ ಕಾಯುತ್ತ ಕೂತೆ. ಹೋಗಬ್ಯಾಡ್ರಿ ಅಕ್ಕಾ ಎಂದು ಎಲ್ಲರೂ ಬರೆಯುತ್ತಾರೆ, ರಾಜ್ಯದ ಅಧ್ಯಕ್ಷರೇ ಫೋನ್ ಮಾಡುತ್ತಾರೆ, ಆಗ ನಾನು ಎಷ್ಟು ನಯವಾಗಿ, ಎಷ್ಟು ಗಟ್ಟಿಯಾಗಿ ನಿರಾಕರಿಸಬೇಕು ಎಂದು ಕನ್ನಡಿಯ ಮುಂದೆ ಒಂದೆರಡು ಸಲ ಹೇಳಿಕೊಂಡೂ ನೋಡಿದೆ.

ಮೊದಲು ಒಂದು ಹೆಬ್ಬೆರಳು ಬಂತು. ಬೆನ್ನಿಗೇ ಯಾರೋ ‘ಅಭಿನಂದನೆಗಳು ಮೇಡಂ’ ಎಂದು ಬರೆದರು. ಅದನ್ನು ನೋಡಿದ ಇನ್ನೊಬ್ಬರು ಹೂಗುಚ್ಛ ಕಳಿಸಿದರು. ಮತ್ತೊಬ್ಬರು ‘ನೂರು ಕಾಲ ಬಾಳಿ’ ಎಂದು ಕೇಕಿನ ಚಿತ್ರ ಹಾಕಿದರು. ಅಷ್ಟರಲ್ಲಿ ಬೇರೆ ಸಂದೇಶ ಬಂತು: ‘ಪ್ರಿಯ ಸದಸ್ಯರೇ, ನಿಮ್ಮ ನಿರ್ಗಮನ ಯಶಸ್ವಿಯಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ನೀಡುವಿರಿ?’ ಕೆಳಗೆ ಬಣ್ಣ ತುಂಬದ ಐದು ನಕ್ಷತ್ರಗಳು ನನ್ನ ಬೆರಳಿಗಾಗಿ ಕಾಯುತ್ತಿದ್ದವು. ನಾನು ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದೆ. ಬಾಡಿಗೆ ಮನೆ ಬಿಟ್ಟರೂ ಮಾಲಕ ಬಂದು ಗೋಡೆಗೆ ಮೊಳೆ ಎಷ್ಟು ಹೊಡೆದಿದ್ದೀರಿ ಎಂದಾದರೂ ನೋಡುತ್ತಾನೆ. ಇಷ್ಟು ವರ್ಷದ ಸಂಬಂಧ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿದುಹೋಗಿತ್ತು.

ಅಳು ಬಂತೋ ನಗು ಬಂತೋ ನೆನಪಿಲ್ಲ. ಗುರುನಾಥಣ್ಣನಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಗಿ ಎತ್ತಿದ.

“ಸುಜಾತಾ? ಏನ ತಂಗಿ, ಎಷ್ಟ ದಿನಕ್ಕ!”

“ದಿನಾ ಸುಪ್ರಭಾತ ಕಳಸ್ತೀ ಅಲ್ಲಣ್ಣ...”

“ನಾ ಎಲ್ಲಿ ಕಳಿಸ್ತೇನವ್ವ? ಅದು ತಾನ ಹೋಗಂಗ ನನ್ನ ಅಂಗಡಿ ಹುಡುಗ ಏನೋ ಮಾಡಿ ಇಟ್ಟಾನ. ನಾ ಆ ಗುಂಪ ತಗದು ನೋಡಾಕ ಹೋಗಿಲ್ಲ.”

ಫೋಟೋದ ಸುದ್ದಿಯೂ ಅವನಿಗೆ ಗೊತ್ತಿರಲಿಲ್ಲ. ಚಾಚಾನ ವಿಷಯ ಹೇಳಿದೆ.

“ಉಣವಲ್ರಂತಾ?”

“ನೀ ಬಂದು ಹೇಳಿದ್ರ ನಂಬ್ತಾರ. ನನ್ನ ಮಾತ ನಂಬವಲ್ರು.”

“ನಾಳಿಗಿ ಬರ್ತೇನಿ. ಜೇವರ್ಗಿ ಬಸ್ ಸ್ಟ್ಯಾಂಡಿನಾಗ ನಿಂದ್ರು.”

ಮರುದಿನ ಜೇವರ್ಗಿಯಲ್ಲಿ ಅಫಜಲಪುರದ ಬಸ್ಸು ಬಂದು, ಮಂದಿಯೆಲ್ಲ ಇಳಿದು, ಬಸ್ಸು ಖಾಲಿಯಾದರೂ ಗುರುನಾಥಣ್ಣ ಕಾಣಲಿಲ್ಲ. ಮತ್ತೆ ಫೋನ್ ಮಾಡೋಣ ಎನ್ನುವಾಗ ಪಕ್ಕದಲ್ಲಿ ನಿಂತಿದ್ದ ಮನುಷ್ಯ, “ಗುರುತ ಹತ್ತಲಿಲ್ಲೇನ ತಂಗಿ?” ಎಂದ. ಬೋಳಿಸಿದ ತಲೆಯ ಮೇಲೆ ಈಗಷ್ಟೇ ಮೊಳೆಯುತ್ತಿದ್ದ ಬಿಳಿಕೂದಲು. ಮೀಸೆಯೂ ಇರಲಿಲ್ಲ.

“ಏನಣ್ಣಾ ಇದು?”

“ಅವ್ವ ಹೋದ್ಳು.”

ನನ್ನ ಕೈಯ ಮೇಲೆ ರೊಟ್ಟಿ ಇಡುತ್ತಿದ್ದ ಅವ್ವ. “ಯಾವಾಗ? ಒಂದ ಮಾತ ತಿಳಿಸಬಾರದೇನಣ್ಣ?”

“ಗುಂಪಿನಾಗ ಹಾಕಿದ್ದೆನವ್ವ. ಗಾಣಗಾಪುರದ ಸಂಗಮದಾಗ ದಿನಕರ್ಮ ಮಾಡೋದು ಅಂತ ಅದನ್ನೂ ಹಾಕಿದ್ದೆ. ಮುಗಿದ ಕೈಯ ಚಿತ್ರ ಭಾಳ ಬಂದ್ವು.” ಅವನು ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡ. “ಮಂದಿ ಯಾರೂ ಬರಲಿಲ್ಲ. ಅವತ್ತಿಂದನ ಆ ಗುಂಪ ತಗದಿಲ್ಲ.”

ಆ ಮುಗಿದ ಕೈಗಳಲ್ಲಿ ನನ್ನದೂ ಒಂದಿತ್ತೋ ಏನೋ. ಲೆನ್ಸಿನ ಜಾಹೀರಾತಿಗೂ ಹೂವಿನ ಸುಪ್ರಭಾತಕ್ಕೂ ನಡುವೆ ಬೆರಳು ತಾನಾಗಿ ಒತ್ತಿರಬಹುದು. ಫೋನು ಚೀಲದಲ್ಲೇ ಇತ್ತು. ತೆಗೆದು ನೋಡುವ ಧೈರ್ಯ ಆಗಲಿಲ್ಲ.

ಚಾಚಾ ಗುರುನಾಥಣ್ಣನ ಧ್ವನಿ ಕೇಳಿ ಮಂಚದಿಂದ ಕಾಲು ಕೆಳಗಿಟ್ಟರು. ಬೈಯಲು ತಯಾರಾಗಿಯೇ ಕೂತಿದ್ದವರು. “ಬಂದೇನಲೇ ಅಧ್ಯಕ್ಷಾ? ಕೋಟ ಹಾಕ್ಕೊಂಡ ಫೋಟೋ ತಗಸ್ತೀ...” ಎನ್ನುತ್ತ, ಅವನನ್ನು ಹತ್ತಿರ ಎಳೆದುಕೊಂಡು ಎಂದಿನಂತೆ ತಲೆಗೆ ಒಂದು ಮೊಟಕಲು ಕೈಯೆತ್ತಿದರು. ಕೈ ಬೋಳು ತಲೆಯ ಮೇಲೆ ಬಿತ್ತು. ಅಲ್ಲೇ ನಿಂತಿತು. ಬೆರಳುಗಳು ಹಣೆಯಿಂದ ಹಿಂದಕ್ಕೂ ಹಿಂದಿನಿಂದ ಹಣೆಗೂ ಮೆಲ್ಲಗೆ ಆಡಿದವು.

“ಯಾರಲೇ? ಅವ್ವಾ?”

“ಹೌದ್ರಿ ಚಾಚಾ. ಇಪ್ಪತ್ತ ದಿನ ಆತು.”

“ಫೋಟೋದಾಗ ನಿನ್ನ ಕೂದಲ ಅದಾವಲ್ಲೋ. ಮೀಸಿ ಅದ.”

“ಅದು ಹಳೇದ್ರಿ. ಚೀಟಿಗಿ ಕೊಟ್ಟಿದ್ದು. ಸುಜಾತಾ ಹೇಳಿದ್ದು ಖರೇ ಅದರಿ. ಯಾರೂ ಎಲ್ಲೂ ಹೋಗಿಲ್ಲ.”

“ಯಾರೂ ಕೂಡಿಲ್ಲ?”

“ಇಲ್ರಿ.”

ಇನ್ನು ಚಾಚಾನ ಮುಖ ಅರಳುತ್ತದೆ, ತಮ್ಮನ್ನು ಬಿಟ್ಟು ಯಾರೂ ಹೋಗಿರಲಿಲ್ಲವಲ್ಲ ಎಂದು ಸಮಾಧಾನವಾಗುತ್ತದೆ ಎಂದು ನಾನು ಕಾದೆ. ಅವರ ಮುಖ ಇನ್ನಷ್ಟು ಕುಗ್ಗಿತು. ಮಂಜಾದ ಕಣ್ಣುಗಳು ತುಂಬಿಕೊಂಡವು.

“ನನ್ನ ಬಿಟ್ಟು ಕೂಡಿದ್ರಿ ಅಂತ ಸಿಟ್ಟ ಬಂದಿತ್ತು,” ಎಂದರು. “ಆದ್ರ ಮಲಗಿದಾಗ ಅನಿಸ್ತಿತ್ತು, ಹೋಗ್ಲಿ, ನಾ ಇಲ್ಲಂದ್ರೇನು, ಇವರಾದ್ರೂ ಎಲ್ಲಾರೂ ಕೂಡ್ಯಾರಲ್ಲ ಅಂತ. ಈಗ ನೋಡಿದ್ರ ನೀವೂ ಕೂಡಿಲ್ಲ.”

ನಾನು ಸಂಘಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದೇನೆ ಎಂದು ಹೇಳಬೇಕೆಂದಿದ್ದೆ. ಅದೊಂದು ದೊಡ್ಡ ಸುದ್ದಿ ಎಂದು ತಿಳಿದಿದ್ದೆ. ಹೇಳಲು ನಾಚಿಕೆಯಾಯಿತು. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ತಾಟು ತಂದಿಟ್ಟರು. ಚಾಚಾ ತಾಟು ಮುಟ್ಟಲಿಲ್ಲ. ಗೂಟಕ್ಕೆ ಹಾಕಿದ್ದ ತಮ್ಮ ಬಿಳಿ ಅಂಗಿಯನ್ನು ತಡವಿ ತೆಗೆದುಕೊಂಡರು.

“ಎಲ್ಲಿಗ್ರಿ ಚಾಚಾ?” ಎಂದ ಗುರುನಾಥಣ್ಣ.

“ಅಫಜಲಪುರಕ್ಕ. ಮಾತಾಡ್ಸಿ ಬರಬೇಕು.”

“ನಾನ ಇಲ್ಲೇ ಬಂದೇನಲ್ರಿ. ಇಲ್ಲೇ ಮಾತಾಡ್ಸ್ರಿ. ಈ ಬಿಸಲಾಗ ನೀವ್ಯಾಕ...”

“ಸತ್ತ ಮನೀಗಿ ಹೋಗಿ ಮಾತಾಡ್ಸಬೇಕಲೇ. ಬಂದವನ್ನ ಕುಂದ್ರಿಸಿ ಮಾತಾಡ್ಸಿದ್ರ ಅದು ಮಾತಾಡ್ಸಿದಂಗ ಆಗ್ತದೇನು?”

ಅವರನ್ನು ತಡೆಯಲು ಆಗಲಿಲ್ಲ. ಎರಡು ತುತ್ತು ಉಂಡರೆ ಮಾತ್ರ ಬಿಡುತ್ತೇನೆ ಎಂದು ಚಾಚಿ ಬಾಗಿಲಿಗೆ ಅಡ್ಡ ನಿಂತರು. ನಿಂತಲ್ಲೇ ಉಂಡರು. ಅವರ ರಟ್ಟೆ ಹಿಡಿದು ಬಸ್ಸು ಹತ್ತಿಸಿದೆವು. ದಾರಿಯುದ್ದಕ್ಕೂ ಗುರುನಾಥಣ್ಣ ಅವ್ವನ ಕೊನೆಯ ದಿನಗಳನ್ನು ಹೇಳುತ್ತಿದ್ದ: ಜ್ವರ, ಆಸ್ಪತ್ರೆ, ಮನೆಗೆ ಕರೆತಂದದ್ದು. ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳುವವನ ಹಾಗೆ ಹೇಳುತ್ತಿದ್ದ. ಬೇರೆಯವರ ಅವ್ವನ ಸುದ್ದಿಯೇನೋ ಎಂದು ನನಗೆ ಅನ್ನಿಸಿಬಿಟ್ಟಿತು.

ಅಫಜಲಪುರದ ಅವನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ಗುರುನಾಥಣ್ಣ ಮುಂದೆ ಹೋಗಿ, “ಒಳಗ ಬರ್ರಿ ಚಾಚಾ,” ಎಂದು ಕೈಚಾಚಿದ. ಚಾಚಾ ಹೊಸ್ತಿಲಲ್ಲೇ ನಿಂತು ಆ ಚಾಚಿದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ಅವ್ವ ಹೋದ್ಳಲ್ಲೋ ಗುರು,” ಎಂದರು.

ಅಷ್ಟೇ ಮಾತು. ಗುರುನಾಥಣ್ಣ ನಿಂತಲ್ಲೇ ಕುಸಿದು ಕೂತು ಅಳತೊಡಗಿದ. ದೊಡ್ಡ ಗಂಡಸು ಹಾಗೆ ಗಟ್ಟಿಯಾಗಿ, ಸಣ್ಣ ಮಕ್ಕಳ ಹಾಗೆ, ಉಸಿರು ಎಳೆದೆಳೆದು ಅತ್ತದ್ದನ್ನು ನಾನು ನೋಡಿರಲಿಲ್ಲ. ಚಾಚಾ ಕೈ ಬಿಡದೆ ತಾವೂ ಅವನ ಪಕ್ಕ ನೆಲಕ್ಕೆ ಕೂತರು. ಒಳಗಿನಿಂದ ಓಡಿಬಂದ ಅವನ ಹೆಂಡತಿ ಕಂಬ ಹಿಡಿದು ನಿಂತುಬಿಟ್ಟಳು.

ನಾನು ಅವನನ್ನು ಸಮಾಧಾನ ಮಾಡಲು ಮುಂದೆ ಹೋದೆ. ಆಕೆ ನನ್ನ ಕೈ ಹಿಡಿದು ತಡೆದಳು.

“ಅಳ್ಲಿ ಬಿಡಕ್ಕಾ,” ಎಂದಳು. “ಇಷ್ಟ ದಿನ ಅತ್ತಿದ್ದಿಲ್ಲ.”